ಹೆಗಲು ಯಾರದು, ಶಿಖರ ಯಾರದು? : ಮಾನವ ಗೋಪುರಗಳ ಚರಿತ್ರೆಯಲ್ಲಿ ದೇಹದ ಅಳತೆ

ಹೊಸೂರಿನ ಮಗ್ಗುಲಲ್ಲಿರುವ ಮತ್ತಿಗಿರಿಯ ಹೆಸರನ್ನು ಹೇಳಿದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಅಲ್ಲಿನ ವಿಶಾಲವಾದ ದನಗಳ ಫಾರಂ. ಕೆಂಪು ಸಿಂಧಿ ತಳಿಯ ಹಸುಗಳಿಗೆ ಹೆಸರಾದ ಆ ನೆಲಕ್ಕೆ ಅದಕ್ಕಿಂತ ಹಳೆಯದಾದ ಇನ್ನೊಂದು ಚರಿತ್ರೆಯಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಪ್ರಾಂತವೂ 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಹೊಸೂರು ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಆಮೇಲೆ 1824ರಲ್ಲಿ ಕಂಪನಿಯ ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವ ಕೇಂದ್ರವಾಗಿ 1,600 ಎಕರೆಗೂ ಮಿಗಿಲಾದ ಈ ಫಾರಂ ಆರಂಭವಾಯಿತು. ಕುದುರೆಗಳು ಹೋಗಿ ಹಸುಗಳು ಬಂದುದು ಬಹಳ ತಡವಾಗಿ.

ಆ ಕಾಲದ ಸೈನ್ಯಗಳಲ್ಲಿ ಕುದುರೆಯ ಆಯ್ಕೆಯೆಂದರೆ ಅಳತೆಯ ಕೆಲಸ. ನೆಲದಿಂದ ಹೆಗಲಿನವರೆಗಿನ ಎತ್ತರವನ್ನು ಅಂಗೈಯಗಲದ ಲೆಕ್ಕದಲ್ಲಿ ಅಳೆಯುತ್ತಿದ್ದರು. ಎದೆಯಗಲ, ಕಾಲಿನ ಮೂಳೆ, ಬೆನ್ನಿನ ಗಟ್ಟಿತನ ಇವನ್ನು ನೋಡುತ್ತಿದ್ದರು. ಮೈತುಂಬಿದ ಕುದುರೆ ಫಿರಂಗಿಯ ಗಾಡಿಗೆ, ಹಗುರವಾಗಿ ಓಡಬಲ್ಲದ್ದು ರಾವುತನ ತಡಿಗೆ ಎಂಬುದು ಸಾಮಾನ್ಯ ನಿಯಮ. ಯಾವ ದೇಹ ಯಾವ ಸ್ಥಾನಕ್ಕೆ ತಕ್ಕುದೆಂಬುದನ್ನು ಅಳೆಯುವವನು ನಿರ್ಧರಿಸುತ್ತಿದ್ದನು. ಕುದುರೆಯನ್ನು ಯಾರೂ ಕೇಳುತ್ತಿರಲಿಲ್ಲ.

ಮತ್ತಿಗಿರಿಯ ಈ ಹಳೆಯ ಸಂಗತಿಯನ್ನು ನೆನೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕರು ಶಾಲೆಯ ವಾರ್ಷಿಕೋತ್ಸವಕ್ಕಾಗಿ ಪಿರಮಿಡ್ ಕಟ್ಟಿದವರು. ಕವಾಯತಿನ ಮೇಷ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಣ್ಣಳತೆಯಲ್ಲೇ ವಿಂಗಡಿಸಿ, ದಪ್ಪಗಿರುವವರನ್ನು ಕೆಳಗಿನ ಸಾಲಿಗೂ ಸಾಧಾರಣ ಮೈಕಟ್ಟಿನವರನ್ನು ನಡುವಿಗೂ ಎಲ್ಲರಿಗಿಂತ ಸಣ್ಣವನನ್ನು ತುದಿಗೂ ಹಂಚುತ್ತಿದ್ದರು. ತುದಿಯವನ ಕೈಯಲ್ಲಿ ಬಾವುಟ, ಕೆಳಗಿನವನ ಮುಖ ಮಣ್ಣಿನ ಕಡೆಗೆ. ಭಾವಚಿತ್ರದಲ್ಲಿ ಬಾವುಟದವನು ಕಾಣುತ್ತಿದ್ದನು, ಕೆಳಗಿನವನ ನೆತ್ತಿ ಮಾತ್ರ ಕಾಣುತ್ತಿತ್ತು. ಕೆಳಗಿನ ಸಾಲಿನಲ್ಲಿದ್ದ ನಮ್ಮವರಿಗೆ ಅಂದು ಅಂಟಿದ ಅಡ್ಡಹೆಸರುಗಳು ಅನಂತರವೂ ಹಲವು ವರ್ಷ ಉಳಿದವು. ತುದಿಗೇರಿದವರಿಗೆ ಕಾಲು ನಡುಗಿದ ನೆನಪು ಉಳಿಯಿತು. ಇಂದು ನಮ್ಮ ಮಕ್ಕಳೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದಾರೆ. ಆದುದರಿಂದ ಈ ವಿಂಗಡಣೆ ಎಲ್ಲಿಂದ ಬಂದಿತು, ಅದರಲ್ಲಿ ವಿವೇಕವೆಷ್ಟು, ರೂಢಿಯೆಷ್ಟು ಎಂದು ವಿಚಾರಿಸುವುದು ವ್ಯರ್ಥವಾಗದು.

ದೇಹವನ್ನು ಅಳೆದು ಸ್ಥಾನ ಕೊಡುವ ಪದ್ಧತಿಗೆ ಕನ್ನಡ ನಾಡಿನಲ್ಲಿ ಬರವಣಿಗೆಯ ಆಧಾರ 12ನೆಯ ಶತಮಾನದಿಂದಲೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಯಳತೆ, ಬಲ ಇವುಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ವರ್ಗಗಳಾಗಿ ವಿಭಜಿಸಲಾಗಿದೆ. ಅವರ ಅಭ್ಯಾಸ ಹೇಗಿರಬೇಕು, ಅರಮನೆ ಅವರಿಗೆ ಯಾವ ಆಹಾರವನ್ನು ಒದಗಿಸಬೇಕು ಎಂಬುದೂ ಅಲ್ಲಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿಗಳು ಆ ಪಟ್ಟಿಯಲ್ಲಿವೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಸೋಮೇಶ್ವರನು ಮೈಯಳತೆಯೊಂದನ್ನೇ ನೋಡಲಿಲ್ಲ. ವಯಸ್ಸನ್ನೂ ಬಲವನ್ನೂ ಅದರೊಡನೆ ಇರಿಸಿದನು. ಎರಡನೆಯದಾಗಿ, ದೇಹವನ್ನು ಕೆಲಸಕ್ಕೆ ಬಳಸುವವನು ಆ ದೇಹದ ಊಟ ಮತ್ತು ಅಭ್ಯಾಸಗಳ ಹೊಣೆಯನ್ನೂ ಹೊರಬೇಕೆಂದು ವಿಧಿಸಿದನು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಿವೇಕವು ನಮ್ಮ ಶಾಲಾ ಮೈದಾನದ ಕಣ್ಣಳತೆಯಲ್ಲಿ ಕಾಣದು.

ವಿಜಯನಗರದ ಕಾಲಕ್ಕೆ ಬಂದರೆ, ಸುಮಾರು 1520ರ ವೇಳೆಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧಗಳನ್ನು ವರ್ಣಿಸಿದ್ದಾನೆ. ಅವನ ನಂತರದ ನೂನಿಜ್ ಅರಮನೆಯಲ್ಲಿ ಮಲ್ಲಯುದ್ಧ ಮಾಡುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಮಲ್ಲರ ಜೋಡಿಗಳನ್ನು ಇಂದಿಗೂ ನೋಡಬಹುದು. ಬಲದ ಕಲೆ ಗಂಡಸರ ಸೊತ್ತೆಂಬ ನಂಬಿಕೆ ನಾವು ತಿಳಿದಷ್ಟು ಹಳೆಯದಲ್ಲ.

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ಸಮಬಲದ ಜೋಡಿಗಳನ್ನು ಮೊದಲೇ ಗೊತ್ತುಪಡಿಸುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಅಳತೆಯ ಉದ್ದೇಶ ಇಲ್ಲಿ ಸ್ಪಷ್ಟ: ಒಬ್ಬನು ಇನ್ನೊಬ್ಬನಿಂದ ನಜ್ಜುಗುಜ್ಜಾಗಬಾರದು. ಅಳತೆಯನ್ನು ಮೀರಿದ ಚಳಕದ ಕತೆಯನ್ನೂ ಮೈಸೂರೇ ಕೊಟ್ಟಿದೆ. ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರುವಾಸಿ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯವನ್ನು ನಮ್ಮ ಅಜ್ಜಂದಿರು ಬಾಯ್ತುಂಬ ಹೇಳುತ್ತಿದ್ದರು.

ಇವೆಲ್ಲ ಇಬ್ಬರ ನಡುವಿನ ಸೆಣಸಾಟದ ಮಾತು. ಒಬ್ಬರ ಮೇಲೊಬ್ಬರು ನಿಲ್ಲುವ ಕಲೆಗೆ ನಮ್ಮಲ್ಲಿ ಬೇರೆ ಬೇರುಗಳಿವೆ. ಬೀರೇಶ್ವರನನ್ನು ಆರಾಧಿಸುವ ಕುರುಬ ಸಮುದಾಯದ ಡೊಳ್ಳು ಕುಣಿತದಲ್ಲಿ, ಕುಣಿತ ತಾರಕಕ್ಕೇರಿದಾಗ ಕಲಾವಿದರು ಹೆಗಲ ಮೇಲೆ ಹೆಗಲನ್ನೇರಿ ಗೋಪುರ ಕಟ್ಟುತ್ತಾರೆ. ಮೇಲಿನವನ ಕೊರಳಲ್ಲಿಯೂ ಡೊಳ್ಳು ಇರುತ್ತದೆ, ಬಡಿತ ನಿಲ್ಲುವುದಿಲ್ಲ. ಕೃಷ್ಣಗಿರಿ ಸೀಮೆಯ ಕನ್ನಡಿಗರಿಗೆ ಇದು ದೂರದ ದೃಶ್ಯವಲ್ಲ. ನಮ್ಮ ಸುತ್ತಲಿನ ಹಳ್ಳಿಗಳ ಕುರುಬರೂ ವೀರಭದ್ರನ ಹಬ್ಬಗಳಲ್ಲಿ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುವವರೇ.

ಡೊಳ್ಳಿನ ಗೋಪುರವನ್ನು ಸೂಕ್ಷ್ಮವಾಗಿ ನೋಡಿದವರಿಗೆ ಒಂದು ವಿಷಯ ತಿಳಿದೀತು. ಕೆಳಗಿನವನು ಯಾವಾಗಲೂ ತಂಡದ ಅತಿ ದಪ್ಪ ಮನುಷ್ಯನಾಗಿರುವುದಿಲ್ಲ. ಗಟ್ಟಿಯಾದ ತೊಡೆಯುಳ್ಳವನು, ತಾಳ ತಪ್ಪದವನು, ಮೇಲಿನವನ ಪಾದದ ಕದಲಿಕೆಯನ್ನು ಹೆಗಲಿನಿಂದಲೇ ಅರಿಯಬಲ್ಲವನು ಅಲ್ಲಿರುತ್ತಾನೆ. ಜೊತೆಗೆ ಬೆಳೆದವರು, ವರ್ಷಗಟ್ಟಲೆ ಒಟ್ಟಿಗೆ ಕುಣಿದವರು ಕಟ್ಟುವ ಗೋಪುರವದು. ಹದಿನೈದು ದಿನದ ಅಭ್ಯಾಸದಲ್ಲಿ ಅದು ಸಿದ್ಧಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ನೋವಿನ ಚರಿತ್ರೆಯೂ ಉಂಟು. ದೊಂಬರಾಟದಲ್ಲಿ ಗಣೆಯ ತುದಿಗೇರಿದ, ಹಗ್ಗದ ಮೇಲೆ ನಡೆದ ದೇಹ ಬಹುಪಾಲು ಮಗುವಿನದು. 1880ರಲ್ಲಿ ವಿಷ್ಣುಪಂತ ಛತ್ರೆಯವರು ಭಾರತದ ಮೊದಲ ಆಧುನಿಕ ಸರ್ಕಸ್ಸನ್ನು ಮುಂಬಯಿಯಲ್ಲಿ ಪ್ರದರ್ಶಿಸಿದರು. ಕೀಲೇರಿ ಕುಞ್ಞಿಕಣ್ಣನ್ ಅವರ ಗರಡಿಯಿಂದ ತಲಶ್ಶೇರಿಯು ಸರ್ಕಸ್ಸಿನ ತವರಾಯಿತು. ಅಲ್ಲಿಯೂ ಪುಟ್ಟ ದೇಹವೇ ಮೇಲಕ್ಕೆ ಹೋಗುವ ದೇಹ. ಹಗುರವೆಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಮನೆಯಿಂದ ದೂರಕ್ಕೆ ಒಯ್ಯುವ ವ್ಯವಹಾರ ಬಹುಕಾಲ ನಡೆಯಿತು. ಸರ್ಕಸ್ಸುಗಳಲ್ಲಿ ಮಕ್ಕಳ ಬಳಕೆಯನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ್ದು 2011ರಲ್ಲಿ.

ಮಹಾರಾಷ್ಟ್ರದ ಗೋಕುಲಾಷ್ಟಮಿಯ ಮೊಸರು ಕುಡಿಕೆಯಲ್ಲೂ ಇದೇ ಪ್ರಶ್ನೆ ಎದ್ದಿತು. 2012ರಲ್ಲಿ ಠಾಣೆಯಲ್ಲಿ ಒಂದು ಗೋವಿಂದ ತಂಡವು ಒಂಬತ್ತು ಅಂತಸ್ತಿನ, 13.34 ಮೀಟರ್ ಎತ್ತರದ ಗೋಪುರ ಕಟ್ಟಿ ಗಿನ್ನೆಸ್ ದಾಖಲೆಗೆ ಸೇರಿತು. ಬಹುಮಾನದ ಹಣ ಏರಿದಂತೆ ಗೋಪುರವೂ ಏರಿತು, ತುದಿಯ ಮಗುವಿನ ವಯಸ್ಸು ಇಳಿಯಿತು. 2014ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 18 ವರ್ಷದೊಳಗಿನವರನ್ನು ಸೇರಿಸಬಾರದು, ಎತ್ತರ 20 ಅಡಿ ಮೀರಬಾರದು ಎಂದಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿಬಂದ ಬಳಿಕ, 2017ರಲ್ಲಿ 14 ವರ್ಷದೊಳಗಿನ ಮಕ್ಕಳು ಭಾಗವಹಿಸಬಾರದೆಂಬ ಮಿತಿ ಉಳಿಯಿತು, ಎತ್ತರದ ಮಿತಿ ಸಡಿಲವಾಯಿತು.

ಸ್ಪೇನ್ ದೇಶದ ಕತಲೂನ್ಯ ಸೀಮೆಯವರಿಗೆ ಮಾನವ ಗೋಪುರವೇ ನಾಡಹಬ್ಬ. 18ನೆಯ ಶತಮಾನದ ಕೊನೆಯಲ್ಲಿ ವಾಲ್ಸ್ ಎಂಬ ಊರಿನ ಸುತ್ತ ಬೆಳೆದ ಈ ಕಲೆಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಅಲ್ಲಿ ಗೋಪುರದ ಬುಡದಲ್ಲಿ ನೂರಾರು ಜನ ಒತ್ತಾಗಿ ನಿಂತು ಒಂದು ಜಗಲಿಯನ್ನೇ ರಚಿಸುತ್ತಾರೆ. ಅದು ಆಸರೆಯೂ ಹೌದು, ಬಿದ್ದವರಿಗೆ ಹಾಸಿಗೆಯೂ ಹೌದು. ಮುದುಕರು, ದಪ್ಪನೆಯವರು, ಕುಳ್ಳರು, ಉದ್ದನೆಯವರು ಎಲ್ಲರಿಗೂ ಅಲ್ಲಿ ಸ್ಥಾನವಿದೆ. ಬಹುಕಾಲ ಗಂಡಸರದೇ ಆಗಿದ್ದ ಈ ಕಲೆಗೆ 1980ರ ದಶಕದಿಂದ ಹೆಂಗಸರು ಹೆಚ್ಚಾಗಿ ಸೇರಿದರು. ನಡುವಿನ ಅಂತಸ್ತುಗಳು ಹಗುರವಾದವು, ಗೋಪುರಗಳು ಮತ್ತೂ ಎತ್ತರಕ್ಕೇರಿದವು. 1998ರಲ್ಲಿ ಹತ್ತು ಅಂತಸ್ತಿನ ಗೋಪುರ ಮೊದಲ ಬಾರಿಗೆ ಕಟ್ಟಿ ಇಳಿಸಲ್ಪಟ್ಟಿತು. ಅಲ್ಲಿಯೂ ತುದಿಗೇರುವುದು ಮಗುವೇ. 2006ರಲ್ಲಿ ಒಬ್ಬ ಹುಡುಗಿ ಬಿದ್ದು ತೀರಿಕೊಂಡ ಮೇಲೆ ಮಕ್ಕಳಿಗೆ ಶಿರಸ್ತ್ರಾಣ ಬಂದಿತು. ಒಂದು ಜೀವ ಹೋದ ಮೇಲೆ ನಿಯಮ ಬರುವುದು ಎಲ್ಲ ದೇಶಗಳ ಚರಿತ್ರೆಯೆಂದು ತೋರುತ್ತದೆ.

ಜಪಾನಿನ ಉದಾಹರಣೆ ನಮ್ಮ ಶಾಲೆಗಳಿಗೆ ಇನ್ನೂ ಸಮೀಪವಾದುದು. ಅಲ್ಲಿನ ಶಾಲಾ ಕ್ರೀಡೋತ್ಸವಗಳಲ್ಲಿ ಪಿರಮಿಡ್ ಕಟ್ಟುವುದು ದೊಡ್ಡ ಆಕರ್ಷಣೆಯಾಗಿತ್ತು. 2015ರಲ್ಲಿ ಒಸಾಕಾ ಬಳಿಯ ಯಾವೊ ನಗರದ ಒಂದು ಶಾಲೆಯಲ್ಲಿ ಹತ್ತು ಅಂತಸ್ತಿನ ಪಿರಮಿಡ್ ಕುಸಿದು ಮಕ್ಕಳು ಗಾಯಗೊಂಡರು. ಮರುವರ್ಷ ಒಸಾಕಾ ನಗರವು ತನ್ನ ಶಾಲೆಗಳಲ್ಲಿ ಪಿರಮಿಡ್ಡುಗಳನ್ನು ನಿಷೇಧಿಸಿತು. ಶಿಸ್ತಿನಲ್ಲಿ ಜಗತ್ತಿಗೇ ಮಾದರಿಯೆನಿಸಿದ ಶಾಲೆಗಳಿಗೂ ಭಾರದ ಲೆಕ್ಕ ತಪ್ಪಬಹುದು.

ಇನ್ನು ಚಿಯರ್‌ಲೀಡಿಂಗ್ ವಿಚಾರ. ನಮ್ಮವರಿಗೆ ಈ ಪದ ಪರಿಚಯವಾದುದು 2008ರ ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ಲಿನ ಮೊದಲ ಪಂದ್ಯದೊಡನೆ. ಬೆಂಗಳೂರು ತಂಡಕ್ಕಾಗಿ ಅಮೆರಿಕದ ವಾಷಿಂಗ್ಟನ್ನಿನಿಂದ ಕುಣಿತದ ತಂಡ ಬಂದಿತ್ತು. ಮನೆಮಂದಿಯೊಡನೆ ಟಿವಿ ನೋಡುತ್ತಿದ್ದ ನಮ್ಮ ಹಿರಿಯರು ಮುಜುಗರಪಟ್ಟರು, ಪತ್ರಿಕೆಗಳಲ್ಲಿ ಚರ್ಚೆಯೂ ನಡೆಯಿತು. ಆದರೆ ನಾವು ಅಂದು ಕಂಡದ್ದು ಆ ಕಲೆಯ ಕುಣಿತದ ಮುಖ ಮಾತ್ರ. ಅದರ ಇನ್ನೊಂದು ಮುಖ ದೇಹಗಳನ್ನು ಎತ್ತುವ, ಎಸೆಯುವ, ಹಿಡಿಯುವ ಸಾಹಸ. ಡೊಳ್ಳಿನ ಗೋಪುರಕ್ಕೆ ಅದು ದೂರದ ನಂಟು.

ಅದರ ಚರಿತ್ರೆಯೂ ಸ್ವಾರಸ್ಯಕರ. 1898ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾನಿ ಕ್ಯಾಂಪ್‌ಬೆಲ್ ಫುಟ್‌ಬಾಲ್ ಪಂದ್ಯದಲ್ಲಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ್ದನ್ನು ಅದರ ಆರಂಭವೆನ್ನುತ್ತಾರೆ. ಮೊದಮೊದಲು ಅದು ಗಂಡಸರ ಕೆಲಸವಾಗಿತ್ತು. 1923ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಹೆಂಗಸರಿಗೆ ಅವಕಾಶವಾಯಿತು. ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೋದಾಗ ಹೆಂಗಸರೇ ಅದನ್ನು ನಡೆಸಿದರು. ಚಿಯರ್‌ಲೀಡಿಂಗಿನ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆ ದೊರೆತದ್ದು 2021ರಲ್ಲಿ.

ಈ ಸಾಹಸದಲ್ಲಿ ಮೂರು ಸ್ಥಾನಗಳು ಮುಖ್ಯ. ಕೆಳಗೆ ನಿಂತು ಎತ್ತುವವರು ಬುಡದವರು. ಮೇಲೇರುವವಳು ತುದಿಯವಳು. ಹಿಂದೆ ನಿಂತು ಅವಳ ಕಣಕಾಲನ್ನೂ ಸೊಂಟವನ್ನೂ ಕಾಯುವವರು ಬೆಂಗಾವಲಿನವರು. ಮೈಯಳತೆಗೆ ಇಲ್ಲಿ ಬೆಲೆಯಿದೆ, ಆದರೆ ನಾವು ಎಣಿಸುವ ರೀತಿಯಲ್ಲಿ ಅಲ್ಲ. ಎದುರುಬದುರಾಗಿ ನಿಲ್ಲುವ ಬುಡದವರಿಬ್ಬರಿಗೆ ಬೇಕಾದುದು ಸರಿಸಮ ಎತ್ತರ. ಒಬ್ಬರು ಗಿಡ್ಡ, ಇನ್ನೊಬ್ಬರು ಉದ್ದವಾದರೆ ಮೇಲಿನವಳ ಕಾಲಡಿಯ ನೆಲವೇ ಓರೆಯಾಗುತ್ತದೆ. ಬೆಂಗಾವಲಿನವರಿಗೆ ಎತ್ತರವೇ ಅನುಕೂಲ, ಏಕೆಂದರೆ ಅವರ ಕೈ ಮೇಲಕ್ಕೆ ಎಟಕಬೇಕು. ತುದಿಯವಳಿಗೆ ಹಗುರತನಕ್ಕಿಂತಲೂ ಮೈಬಿಗಿ ಮುಖ್ಯ. ಮೈಯನ್ನು ಕಂಬದಂತೆ ಬಿಗಿಹಿಡಿದ ಐವತ್ತು ಕಿಲೋದವಳನ್ನು ಎತ್ತುವುದು, ಸಡಿಲಬಿಟ್ಟ ನಲವತ್ತು ಕಿಲೋದವಳನ್ನು ಎತ್ತುವುದಕ್ಕಿಂತ ಸುಲಭವಾಗಬಹುದು. ನಿದ್ದೆಹೋದ ಮಗುವನ್ನು ಹೊತ್ತ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ನಮ್ಮ ಶಾಲೆಯ ಪಿರಮಿಡ್ಡಿಗೆ ಹಿಂದಿರುಗಿ ಸ್ವಲ್ಪ ಲೆಕ್ಕ ಹಾಕೋಣ. ಮಂಡಿಯೂರಿ ಕಟ್ಟುವ ಮೂರು ಸಾಲಿನ ಪಿರಮಿಡ್ಡಿನಲ್ಲಿ ಕೆಳಗೆ ಮೂವರು, ನಡುವೆ ಇಬ್ಬರು, ಮೇಲೆ ಒಬ್ಬ. ಪ್ರತಿಯೊಬ್ಬರೂ 40 ಕಿಲೋ ತೂಗುತ್ತಾರೆಂದು, ಭಾರವು ಕೆಳಗಿನ ಇಬ್ಬರಿಗೆ ಸಮವಾಗಿ ಹಂಚಿಹೋಗುತ್ತದೆಂದು ಇಟ್ಟುಕೊಳ್ಳೋಣ. ಮೇಲಿನವನ 40 ಕಿಲೋ ನಡುವಿನ ಇಬ್ಬರ ಮೇಲೆ 20 ಕಿಲೋದಂತೆ ಬೀಳುತ್ತದೆ. ತಮ್ಮ ತೂಕವೂ ಸೇರಿ ಅವರಿಬ್ಬರೂ ತಲಾ 60 ಕಿಲೋವನ್ನು ಕೆಳಕ್ಕೆ ಒತ್ತುತ್ತಾರೆ. ಆಗ ಕೆಳಸಾಲಿನ ತುದಿಗಳಲ್ಲಿರುವ ಇಬ್ಬರು ತಲಾ 30 ಕಿಲೋ ಹೊತ್ತರೆ, ನಟ್ಟನಡುವಿನವನು 60 ಕಿಲೋ ಹೊರುತ್ತಾನೆ.

ಇನ್ನೊಂದು ಸಾಲನ್ನು ಸೇರಿಸಿದರೆ ಕೆಳಗೆ ನಾಲ್ವರಾಗುತ್ತಾರೆ. ತುದಿಯವರ ಹೊರೆ ತಲಾ 35 ಕಿಲೋ, ಒಳಗಿನ ಇಬ್ಬರ ಹೊರೆ ತಲಾ 85 ಕಿಲೋ! ಅಂದರೆ ತಮ್ಮ ತೂಕದ ಇಮ್ಮಡಿಗೂ ಹೆಚ್ಚು. ತುದಿಯ ಹುಡುಗನಿಗೆ ಬದಲಾಗಿ 20 ಕಿಲೋದ ಪುಟ್ಟ ಮಗುವನ್ನು ಏರಿಸಿದರೆ ಕೆಳಗಿನವನಿಗೆ ದೊರೆಯುವ ಬಿಡುವೆಷ್ಟು? ಮೂರು ಸಾಲಿನ ಪಿರಮಿಡ್ಡಿನಲ್ಲಿ 60 ಕಿಲೋ 50 ಆಗುತ್ತದೆ, ಅಷ್ಟೆ. ಆ ಹತ್ತು ಕಿಲೋ ಉಳಿಸುವುದಕ್ಕಾಗಿ ನಾವು ಎಲ್ಲರಿಗಿಂತ ಎಳೆಯ ಮಗುವನ್ನು ಎಲ್ಲರಿಗಿಂತ ಅಪಾಯದ ಜಾಗದಲ್ಲಿ ನಿಲ್ಲಿಸುತ್ತೇವೆ. ಒಂದು ಸಾಲನ್ನು ಕಡಿಮೆ ಮಾಡಿದ್ದರೆ ಅದಕ್ಕಿಂತ ಹೆಚ್ಚು ಉಳಿಯುತ್ತಿತ್ತು.

ಈ ಲೆಕ್ಕದಿಂದ ಇನ್ನೊಂದು ತಿಳಿವೂ ಹುಟ್ಟುತ್ತದೆ. ಕೆಳಸಾಲಿನವನ ಸ್ವಂತ ತೂಕ ಬೇರೆ ಯಾರಿಗೂ ಹೊರೆಯಲ್ಲ, ಅದು ನೇರವಾಗಿ ನೆಲಕ್ಕೆ ಹೋಗುತ್ತದೆ. ದಪ್ಪಗಿರುವವರನ್ನು ಕೆಳಗಿರಿಸುವ ರೂಢಿಗೆ ಇರುವ ನ್ಯಾಯ ಇಷ್ಟೇ. ಆದರೆ ತೂಕವಿರುವುದು ಬೇರೆ, ಹೊರುವ ಶಕ್ತಿಯಿರುವುದು ಬೇರೆ. ದಪ್ಪಗಿರುವ ಹನ್ನೆರಡು ವರ್ಷದ ಹುಡುಗನ ಬೆನ್ನೆಲುಬು ಹನ್ನೆರಡು ವರ್ಷದ್ದೇ. ಅವನನ್ನು ನೋಡಿ ‘ಇವನು ತಡೆದುಕೊಳ್ಳುತ್ತಾನೆ’ ಎನ್ನುವವರು ಅವನ ತೂಕವನ್ನು ಕಂಡಿದ್ದಾರೆ, ಬಲವನ್ನು ಕಂಡಿಲ್ಲ. ಸೋಮೇಶ್ವರನು ವಯಸ್ಸು, ಅಳತೆ, ಬಲ ಈ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿದ್ದು ಇದಕ್ಕಾಗಿಯೇ ಇರಬೇಕು.

ಮೇಲೇರುವವರ ಕಷ್ಟವೂ ಕಡಿಮೆಯದಲ್ಲ. ಅಮೆರಿಕದಲ್ಲಿ 2006ರಲ್ಲಿ ಒಂದು ವಿಶ್ವವಿದ್ಯಾಲಯದ ಯುವತಿ ಪಿರಮಿಡ್ಡಿನಿಂದ ಸುಮಾರು 15 ಅಡಿ ಕೆಳಕ್ಕೆ ಬಿದ್ದು ಕುತ್ತಿಗೆಯ ಮೂಳೆಗೆ ಪೆಟ್ಟು ಮಾಡಿಕೊಂಡಳು. ಅಲ್ಲಿ ಕಾಲೇಜು ತಂಡಗಳಿಗೆ ಎರಡೂವರೆ ದೇಹದ ಎತ್ತರವೇ ಮಿತಿ, ಶಾಲಾ ತಂಡಗಳಿಗೆ ಎರಡು. ತೂಕ ಏರಿದರೆ ತುದಿಯ ಸ್ಥಾನ ತಪ್ಪುತ್ತದೆಂಬ ಭಯದಿಂದ ಬೆಳೆಯುವ ಹುಡುಗಿಯರು ಊಟ ಬಿಡುವ ಅಪಾಯವನ್ನೂ ಅಲ್ಲಿನವರು ಗುರುತಿಸಿದ್ದಾರೆ. ಹಗುರವಾಗಿರು ಎಂಬ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಬೆಳೆಯುವ ವಯಸ್ಸಿನವರಿಗೆ ಅದು ಬೆಳೆಯಬೇಡ ಎಂದಂತೆಯೂ ಕೇಳಿಸಬಹುದು.

ಹಾಗಾದರೆ ಈ ಕಲೆಯನ್ನೇ ಬಿಡಬೇಕೆ? ನಮ್ಮ ಅಭಿಪ್ರಾಯ ಹಾಗಲ್ಲ. ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ ಬನ್ನಿಮಂಟಪದ ಮೈದಾನದಲ್ಲಿ ಬೈಕುಗಳ ಮೇಲೆ ಗೋಪುರ ಕಟ್ಟಿ ಸಾಗುವ ಸೈನಿಕರನ್ನು ಕಂಡು ಮೈಮರೆಯದವರಾರು? ಬೆಂಗಳೂರಿನ ಆರ್ಮಿ ಸರ್ವೀಸ್ ಕೋರ್ ಪಡೆಯ ‘ಟಾರ್ನೆಡೋಸ್’ ತಂಡವು 2017ರ ನವೆಂಬರ್ 19ರಂದು ಯಲಹಂಕದ ವಾಯುನೆಲೆಯಲ್ಲಿ ಒಂದೇ 500 ಸಿಸಿ ಬೈಕಿನ ಮೇಲೆ 58 ಜನರನ್ನು ಹೊತ್ತು 1,200 ಮೀಟರ್ ಸಾಗಿತು. ಅವರು ವಯಸ್ಕರು, ತರಬೇತಿ ಪಡೆದವರು, ಸ್ವಇಚ್ಛೆಯಿಂದ ನಿಂತವರು. ಒಬ್ಬನ ಮೈ ಅಲುಗಿದರೆ ಐವತ್ತೆಂಟು ಮಂದಿಯೂ ಬೀಳುವರೆಂಬುದನ್ನು ಅರಿತವರು. ಹೆಗಲಿಗೆ ಹೆಗಲು ಕೊಡುವುದೆಂಬ ನುಡಿಗಟ್ಟಿನ ಅರ್ಥ ಅಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ಸಂಘಗಳ ವೇದಿಕೆಗೂ ರಾಜ್ಯೋತ್ಸವದ ದಿನ ಮಕ್ಕಳು ಗೋಪುರ ಕಟ್ಟಿ ತುದಿಯಲ್ಲಿ ಹಳದಿ ಕೆಂಪು ಬಾವುಟವನ್ನು ಬೀಸುತ್ತಾರೆ. 1956ರ ಭಾಷಾವಾರು ವಿಂಗಡಣೆಯಲ್ಲಿ ಗಡಿಯ ಈಚೆ ಉಳಿದ ನಮಗೆ ಆ ಬಾವುಟವನ್ನು ಕಂಡಾಗ ಗಂಟಲು ಬಿಗಿಯುವುದು ಸಹಜ. ಆ ಭಾವನೆಯ ಭರದಲ್ಲಿ ಕೆಳಗಿರುವ ಬೆನ್ನುಗಳನ್ನು ಮರೆಯಬಾರದು. ಎರಡು ಸಾಲು ಸಾಕು. ಕೆಳಗೆ ಹಾಸಿಗೆಯಿರಲಿ, ಸುತ್ತ ದೊಡ್ಡವರು ಕೈಚಾಚಿ ನಿಂತಿರಲಿ. ಸ್ಥಾನವನ್ನು ಕೊಡುವ ಮೊದಲು ಅಭ್ಯಾಸ ಕೊಡೋಣ, ಮಗುವಿನ ಮಾತನ್ನೂ ಕೇಳೋಣ. ದಪ್ಪಗಿರುವ ಹುಡುಗಿಗೆ ಡೊಳ್ಳು ಬಾರಿಸುವ ಆಸೆಯಿರಬಹುದು. ಸಣ್ಣಗಿರುವ ಹುಡುಗನಿಗೆ ಎತ್ತರವೆಂದರೆ ಭಯವಿರಬಹುದು. ಭಾವಚಿತ್ರ ತೆಗೆಯುವಾಗ ಕೆಳಸಾಲಿನವರು ಎದ್ದು ನಿಂತ ಮೇಲೆ ಇನ್ನೊಂದನ್ನು ತೆಗೆಯೋಣ.

ಎರಡು ಶತಮಾನಗಳ ಹಿಂದೆ ಮತ್ತಿಗಿರಿಯ ಬಯಲಿನಲ್ಲಿದ್ದ ಕುದುರೆಗಳಿಗೆ ಬಾಯಿರಲಿಲ್ಲ. ಅಳೆದವರು ಹೇಳಿದ ಕಡೆಗೆ ಅವು ಹೋದವು. ನಮ್ಮ ಮಕ್ಕಳಿಗೆ ಬಾಯಿದೆ, ಕನ್ನಡವೂ ಇದೆ. ಕೆಳಸಾಲಿಗೆ ಒಪ್ಪಿ ಬಂದ ಮಗುವಿನ ಬೆನ್ನಿಗೂ, ಧೈರ್ಯದಿಂದ ಮೇಲೇರಿದ ಮಗುವಿನ ಕಾಲಿಗೂ ಸಮನಾದ ಕಾವಲನ್ನು ಒದಗಿಸಿದರೆ ಆ ಗೋಪುರ ಸಂಘವೆಂಬ ಹೆಸರಿಗೆ ಒಪ್ಪುವಂಥದಾದೀತು.